ಅರಬ್ಬಿ ಸಮುದ್ರದ ವಾಸ್ತು

"ಉತ್ತರ ಯಾವ ಕಡಿ ಐತಿ?" ಎಂದು ಯಶೋಧರಾ ಟೀಚರ್ ಕೇಳಿದಾಗ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಒಂದೇ ಮನಸ್ಸಿನಿಂದ ಫ್ಯಾನಿನತ್ತ ಬೆರಳು ತೋರಿಸಿದರು. ತಪ್ಪು ಅವರದಲ್ಲ. ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಉತ್ತರ ಮೇಲೆ ಇತ್ತು, ಮೇಲೆ ಫ್ಯಾನಿತ್ತು. ದಕ್ಷಿಣವೆಂದರೆ ನೆಲ. ಕನ್ಯಾಕುಮಾರಿ ಅವರ ಪಾಲಿಗೆ ಬೆಂಚಿನ ಕೆಳಗೆಲ್ಲೋ ಬಿದ್ದಿತ್ತು.

ಬಬಲೇಶ್ವರದಾಚೆಯ ಆ ಸರಕಾರಿ ಹೈಸ್ಕೂಲಿಗೆ ಯಶೋಧರಾ ವಿಜಯಪುರದ ಅಥಣಿ ರಸ್ತೆಯ ಲೇಔಟಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಪುಟ್ಟ ಮಗಳನ್ನು ಅತ್ತೆ ಮಾಳವ್ವನ ಕೈಗೆ ಕೊಟ್ಟು ಬಂದಿರುತ್ತಾಳಾದ್ದರಿಂದ, ಬಸ್ಸು ಊರು ದಾಟುವುದರೊಳಗೆ ಮಗು ಗುಂಡಿ ನುಂಗಿರಬಹುದು, ಬಕೆಟ್ಟಿಗೆ ಬಗ್ಗಿರಬಹುದು, ಕತ್ತರಿ ಹುಡುಕಿರಬಹುದು ಎಂದು ಹಾದಿಯುದ್ದಕ್ಕೂ ಫೋನು. "ನೀ ಫೋನ್ ಮಾಡಿದಾಗೆಲ್ಲ ನಾ ಕೂಸು ಬಿಟ್ಟು ಫೋನ್ ಹುಡುಕಾಕ ಹೊಕ್ಕೇನಿ ಬೇ. ಬಿದ್ರ ಆವಾಗ ಬೀಳತೈತಿ ನೋಡು," ಎನ್ನುತ್ತಾಳೆ ಮಾಳವ್ವ. ಈ ಉತ್ತರದಿಂದ ಯಾವ ಸೊಸೆಗೆ ನೆಮ್ಮದಿ ಬಂದೀತು?

ಆ ಬೇಸಿಗೆಯಲ್ಲಿ ವಿಜಯಪುರದಲ್ಲಿ ಭೂಗೋಳ ಶಿಕ್ಷಕರಿಗೊಂದು ತರಬೇತಿ ನಡೆದಿತ್ತು. ಮಕ್ಕಳನ್ನು ಕೂರಿಸಿ ಭಾಷಣ ಮಾಡಬಾರದೆಂದು ತಜ್ಞರೊಬ್ಬರು ಶಿಕ್ಷಕರನ್ನು ಕೂರಿಸಿ ಊಟದ ಹೊತ್ತಿನವರೆಗೆ ಭಾಷಣ ಮಾಡಿದರು. ಭೂಗೋಳವನ್ನು ಬಯಲಿನಲ್ಲಿ ಕಲಿಸಬೇಕು ಎಂಬುದನ್ನು ಪರದೆಯ ಮೇಲೆ ತೋರಿಸಲು ಕಿಟಕಿ ಮುಚ್ಚಿ ಕತ್ತಲು ಮಾಡಲಾಯಿತು. ಕೊನೆಗೆ ಎಲ್ಲರಿಗೂ ಒಂದೊಂದು ಕಿಟ್ಟು. ಅದರೊಳಗಿನ ದಿಕ್ಸೂಚಿ ಚೀಲದ ಅಯಸ್ಕಾಂತದ ಗುಂಡಿಯತ್ತಲೇ ಬಲು ನಿಷ್ಠೆಯಿಂದ ತಿರುಗುತ್ತಿತ್ತು.

ಆದರೂ ಆ ಕತ್ತಲಲ್ಲಿ ಒಂದು ಒಳ್ಳೆಯ ಮಾತು ಅವಳ ಕಿವಿಗೆ ಬಿದ್ದಿತ್ತು. ಶಾಲೆಯ ಅಂಗಳದಲ್ಲಿ, ನೆಲದ ಮೇಲೆ, ನಿಜವಾದ ದಿಕ್ಕಿಗೆ ಹೊಂದುವಂತೆ ಕರ್ನಾಟಕದ ನಕಾಶೆ ಕಟ್ಟಬೇಕು. ಸಮುದ್ರವಿರುವಲ್ಲಿ ಸಣ್ಣ ತೊಟ್ಟಿ ಮಾಡಿ ನೀರು ತುಂಬಬೇಕು. ಮಕ್ಕಳು ಅದರ ಮೇಲೆ ನಡೆದು ಕಲಿಯಬೇಕು. ಖರ್ಚು ಯಾರದು ಎಂದು ಯಾರೋ ಕೇಳಿದ್ದಕ್ಕೆ "ಸ್ಥಳೀಯ ದಾನಿಗಳು" ಎಂದು ಪರದೆ ಉತ್ತರಿಸಿತು.

ಸ್ಥಳೀಯ ದಾನಿ ಸಿಕ್ಕ. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವ ತಾನು ಓದಿದ ಶಾಲೆಯ ಮೇಲಿನ ಪ್ರೀತಿಗೆ ಸಿಮೆಂಟು, ಇಟ್ಟಿಗೆ ಮತ್ತು ಗೌಂಡಿ ಬುಡ್ಡೇಸಾಬ, ಮೂರನ್ನೂ ಟೆಂಪೋದಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಬಂದಿಳಿದ. ಯಶೋಧರಾ ಆಗಲೇ ಸುಣ್ಣದ ಪುಡಿಯಲ್ಲಿ ನಕಾಶೆಯ ಗೆರೆ ಎಳೆದಿದ್ದಳು. ಸಂಗನಬಸವ ಫೋನಿನಲ್ಲಿ ದಿಕ್ಕು ನೋಡಿದ, ತೊಟ್ಟಿಯ ಜಾಗ ನೋಡಿದ. ಅವನ ಮುಖ ಸಣ್ಣದಾಯಿತು.

"ಟೀಚರ, ನೈಋತ್ಯಕ್ಕ ನೀರ? ಹಿಂಗ ನೀರಿಟ್ಟು ನನ್ನ ಶೆಡ್ಡಿನಾಗ ಮಾಲಿಗೆಲ್ಲ ಹುಳ ಹತ್ತಿದ್ವು. ನೀರು ಈಶಾನ್ಯಕ್ಕ ಇರಬೇಕ್ರಿ."

"ಅದು ಅರಬ್ಬಿ ಸಮುದ್ರರಿ. ಅದು ಇರೋದ ಅಲ್ಲಿ."

"ಇಲ್ಲಂತ ಯಾರಂದ್ರು? ಅಲ್ಲಿರೋದು ಅಲ್ಲಿರ್ಲಿ. ನಮ್ಮ ಸಾಲಿ ಅಂಗಳಕ್ಕ ಯಾಕ ಆ ದೋಷ? ನಕಾಶೆ ಪೂರಾ ಉಲ್ಟಾ ತಿರುಗಿಸಿ ಬಿಡ್ರಿ. ಸಮುದ್ರ ಈಶಾನ್ಯಕ್ಕ ಬರ್ತೈತಿ, ಮುಗೀತು."

ಇಡೀ ರಾಜ್ಯದ ಸಂಕಟಕ್ಕೆ ಇದೇ ಮೂಲವೆಂದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ.

ಯಶೋಧರಾ ಮುಖ್ಯೋಪಾಧ್ಯಾಯ ಗುರುಪಾದಯ್ಯನವರ ಕಡೆ ನೋಡಿದಳು. ಕೆಲಸದ ಫೋಟೋವನ್ನು ಸಂಜೆಯೊಳಗೆ ಇಲಾಖೆಗೆ ಕಳಿಸಬೇಕಿದ್ದ ಅವರಿಗೆ ವಿಶಾಲ ದೃಷ್ಟಿ ಬಂದುಬಿಟ್ಟಿತ್ತು. "ಸಮುದ್ರ ಎಲ್ಲಾ ಕಡಿ ಸಮುದ್ರನ ಅಲ್ಲೇನ್ರಿ, ಟೀಚರ? ಫೋಟೋದಾಗ ದಿಕ್ಕು ಎಲ್ಲಿ ಕಾಣತೈತಿ?"

"ಅಕ್ಕಾರ, ಸಮುದ್ರ ಎತ್ತಾಗ ಹಾಕ್ಲಿ ಲಗೂನ ಹೇಳ್ರಿ," ಎಂದ ಬುಡ್ಡೇಸಾಬ. "ಸಿಮೆಂಟ ಬಿಗ್ಯಾಕತ್ತೇತಿ."

ಯಶೋಧರಾ ಸುಣ್ಣದ ಗೆರೆಯ ಮೇಲೆ ನಿಂತು ಲೆಕ್ಕ ಹಾಕಿದಳು. ಬೇಡವೆಂದರೆ ಟೆಂಪೋ ಬಂದ ದಾರಿಗೆ ಹೋಗುತ್ತದೆ, ಮಕ್ಕಳಿಗೆ ಗೋಡೆಯೇ ಗತಿ. ಹೂಂ ಎಂದರೆ ಮಕ್ಕಳು ದಕ್ಷಿಣಕ್ಕೆ ನಡೆದು ಬೀದರ್ ಮುಟ್ಟುತ್ತಾರೆ. ಫ್ಯಾನು ತೋರಿಸುವ ತಪ್ಪನ್ನು ನಕ್ಕು ತಿದ್ದಬಹುದು. ಕಾಲಿನಿಂದ ನಡೆದು ಕಲಿತದ್ದು, ಸರಿಯಿರಲಿ ತಪ್ಪಿರಲಿ, ಸಾಯುವತನಕ ಮೈಬಿಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಲ್ಲೇ ಬೆಳೆದವಳು ಅವಳು. ಕೂಲಿಗೆ ಹೋಗುತ್ತಿದ್ದ ಅಪ್ಪ ರಾಜಾರಾಮ "ಸೊಲ್ಲಾಪುರದ ಗಾಡಿ ಹೋಗೋ ಕಡಿ ಉತ್ತರ, ಗದಗಿನ ಗಾಡಿ ಹೋಗೋ ಕಡಿ ದಕ್ಷಿಣ" ಎಂದು ಬಾಗಿಲಲ್ಲಿ ನಿಲ್ಲಿಸಿ ತೋರಿಸಿದ್ದ. ಇಂದಿಗೂ ಅವಳು ಕಣ್ಣು ಮುಚ್ಚಿದರೆ ಉತ್ತರಕ್ಕೊಂದು ರೈಲು ಹೊರಡುತ್ತದೆ. ಹೈಸ್ಕೂಲು, ಡಿಗ್ರಿ, ಬಿ.ಎಡ್. ಎಲ್ಲ ಆದಮೇಲೂ ಉಳಿದದ್ದು ಅದೊಂದೇ.

ರೈಲು ನೆನಪಾದದ್ದೇ ತಡ, ಅವಳಿಗೆ ದ್ರಾಕ್ಷಿಯ ಗಾಡಿ ಹೊಳೆಯಿತು.

"ಆತ್ರಿ, ತಿರುಗಸೂಣು," ಎಂದಳು. ಹಳೆಯ ಗೆರೆಯನ್ನು ಕಾಲಲ್ಲಿ ಅಳಿಸಿ, ತಾನೇ ಉಲ್ಟಾ ನಕಾಶೆ ಎಳೆದಳು. ಇಷ್ಟು ವಿಧೇಯ ಶಿಕ್ಷಕಿಯನ್ನು ಕಂಡು ಗುರುಪಾದಯ್ಯನವರ ಮುಖ ಅರಳಿತು. ವಿಜಯಪುರದ ಜಾಗದಲ್ಲಿ ಒಂದು ಇಟ್ಟಿಗೆ, ಗಡಿಯಾಚೆ ಪಡುವಣದ ಒಣದ್ರಾಕ್ಷಿ ಪೇಟೆ ತಾಸಗಾಂವ್ ಇರಬೇಕಾದಲ್ಲಿ ಇನ್ನೊಂದು ಇಟ್ಟಳು.

"ಸಾವಕಾರ್ರ, ಮೊದಲ ನೀವ ಕಾಲಿಡ್ರಿ. ಮಾಲು ತಗೊಂಡು ತಾಸಗಾಂವ್ ಮಾರ್ಕೆಟ್ಟಿಗೆ ಹೊಂಟೀರಿ ಅಂತ ತಿಳಕೊಂಡು ನಡೀರಿ."

ಸಂಗನಬಸವ ಚಪ್ಪಲಿ ಬಿಟ್ಟು, ದೇವರ ಗುಡಿಗೆ ಹೋಗುವವನಂತೆ ಹೊರಟ. ಅರ್ಧಕ್ಕೆ ನಿಂತು ಹಣೆಗೆ ಕೈ ಅಡ್ಡ ಹಿಡಿದ.

"ಟೀಚರ, ಬಿಸಲು ಕಣ್ಣಿಗೆ ಬಡ್ಯಾಕತ್ತೇತಲ್ಲ?"

"ಬಡೀಬಾರದೇನ್ರಿ?"

"ಮುಂಜಾನೆ ಗಾಡಿ ಬಿಟ್ರ ಬಿಸಲು ಬೆನ್ನಿಗಿರ್ತೈತ್ರಿ. ಎಷ್ಟ ವರ್ಷ ಹೋಗೇನಿ ನಾ!"

"ನಕಾಶೆ ತಿರುಗಿದ ಮ್ಯಾಲ ಮಾರ್ಕೆಟ್ಟೂ ತಿರುಗೇತ್ರಿ. ಈಗ ನಿಮ್ಮ ಮಾಲು ಮೂಡಲಕ್ಕ, ಸಿಂದಗಿ ಕಡಿ ಹೊಂಟೈತಿ."

"ಸಿಂದಗಿಗೆ? ಅಲ್ಲಿ ನನ್ನ ದ್ರಾಕ್ಷಿ ಯಾರು ತಗೋತಾರ?"

"ಅದು ನನಗೇನ ಗೊತ್ರಿ. ವಾಸ್ತು ಮಾತ್ರ ಚೊಲೋ ಆತು."

ಬುಡ್ಡೇಸಾಬ ಬಾಯಿಗೆ ಕರಣಿ ಅಡ್ಡ ಹಿಡಿದು ನಕ್ಕ. ಸಂಗನಬಸವ ಸುಡುವ ತವದ ಮೇಲೆ ನಿಂತವನಂತೆ ಹಿಂದಕ್ಕೆ ಜಿಗಿದ. "ತಿರುಗಸ್ರಿ! ಮೊದಲಿನಂಗ ತಿರುಗಸ್ರಿ! ಒಮ್ಮೆ ಸಿಮೆಂಟಿನಾಗ ಮಾಲು ಸಿಂದಗಿಗೆ ಹೊಂಟ್ತಂದ್ರ ನನ್ನ ವ್ಯಾಪಾರ ಮುಗದಂಗ!"

"ನಾ ಮೊದಲಿಂದನೂ ಅದನ್ನ ಹೇಳಾಕತ್ತಿದ್ದೆ," ಎಂದರು ಗುರುಪಾದಯ್ಯ.

ಸತ್ಯ, ವಿಜ್ಞಾನ, ಮಕ್ಕಳ ಭವಿಷ್ಯ ಎಂದೆಲ್ಲ ಯಶೋಧರಾ ಮನಸ್ಸಿನಲ್ಲೇ ಒಂದು ಭಾಷಣ ಜೋಡಿಸಿಕೊಂಡಿದ್ದಳು. ಯಾರಿಗೂ ಬೇಕಾಗಲಿಲ್ಲ. ಒಂದು ಹೆದರಿಕೆಯನ್ನು ಅದಕ್ಕಿಂತ ದೊಡ್ಡ ಹೆದರಿಕೆ ಓಡಿಸಿತ್ತು. ಭೂಗೋಳ ಗೆದ್ದದ್ದು ಒಣದ್ರಾಕ್ಷಿಯ ದಯೆಯಿಂದ.

ಮತ್ತೆ ಸುಣ್ಣ ಎಳೆದದ್ದಾಯಿತು. ಸಮುದ್ರ ನೈಋತ್ಯಕ್ಕೆ ಮರಳಿತು. ಸಂಗನಬಸವ ಅದರ ದಂಡೆಯಲ್ಲಿ ಕೂತು ಬಹಳ ಹೊತ್ತು ಯೋಚಿಸಿ, ಕೊನೆಯ ರಾಜಿಸೂತ್ರ ಮಂಡಿಸಿದ: "ಒಂದು ಮಾಡ್ರಿ. ನೀರು ಹಾಕಬ್ಯಾಡ್ರಿ. ನೀಲಿ ಬಣ್ಣ ಬಳೀರಿ. ಒಣಾ ಸಮುದ್ರಕ್ಕ ವಾಸ್ತು ಹತ್ತಂಗಿಲ್ಲ."

"ಒಣಾ ಸಮುದ್ರ ನಾ ಎಲ್ಲೂ ಕಂಡಿಲ್ಲ ಯಪ್ಪಾ," ಎಂದ ಬುಡ್ಡೇಸಾಬ, ಯಶೋಧರಾಳ ಮುಖ ನೋಡುತ್ತ.

ಅವಳು ಯೋಚಿಸಿದಳು. ನೀರಿಲ್ಲದಿದ್ದರೆ ಮಕ್ಕಳು ಜಾರುವುದಿಲ್ಲ, ಸೊಳ್ಳೆ ಮೊಟ್ಟೆ ಇಡುವುದಿಲ್ಲ, ಡೆಂಗಿ ಬರುವುದಿಲ್ಲ.

"ಬಳೀರಿ ಬುಡ್ಡೇಸಾಬ," ಎಂದಳು. "ಒಣಗಿದ್ರೂ ಅಡ್ಡಿಯಿಲ್ಲ, ತನ್ನ ಜಾಗಾದಾಗ ಇರ್ಲಿ." ಎಂದವಳೇ, ಯಾರ ಮನಸ್ಸಾದರೂ ಮತ್ತೆ ತಿರುಗುವುದರೊಳಗೆ, ಸೆರಗು ಸಿಕ್ಕಿಸಿಕೊಂಡು ಸಮುದ್ರದಂಚಿನ ಕಾರವಾರದ ಗುರುತಿನ ಇಟ್ಟಿಗೆಯನ್ನು ಹಸಿ ಸಿಮೆಂಟಿನಲ್ಲಿ ತಾನೇ ಒತ್ತಿ ಕೂರಿಸಿದಳು.