ವಿಮೆ ಫಾರಂ ಮತ್ತು ಅವ್ವನ ಕುರಿಗಳು

ಹಿರಿಯೂರಿನ ಒಂದು ಹೈಸ್ಕೂಲಲ್ಲಿ ಗಣಿತ ಕಲಿಸುತ್ತೇನೆ. ಗಂಡ ತೀರಿಕೊಂಡಿದ್ದಾರೆ, ಎಂಟು ವರ್ಷದ ಮಗಳಿದ್ದಾಳೆ, ಮನೆ ನಡೆಯುವುದು ನನ್ನ ಸಂಬಳದಲ್ಲಿ. ಹೋದ ವರ್ಷ ನಮ್ಮ ಹಿಂದಿ ಮೇಡಂಗೆ ಪಾರ್ಶ್ವವಾಯು ಹೊಡೆದಾಗ ಇಡೀ ಸ್ಟಾಫ್ ರೂಮಿಗೆ ಒಮ್ಮೆಲೇ ಜೀವಭಯ ಹುಟ್ಟಿತು. ಮುಂದಿನ ವಾರವೇ ವಿಮೆ ಏಜೆಂಟರೊಬ್ಬರು ಬಂದು ಕೂತರು. ಇಂಥವರಿಗೆ ವಾಸನೆ ಹೇಗೆ ಬಡಿಯುತ್ತದೋ ನಾ ಕಾಣೆ.

"ಇದು ಆಸ್ಪತ್ರೆ ಬಿಲ್ ಕಟ್ಟೋ ಪಾಲಿಸಿ ಅಲ್ರಿ ಮೇಡಂ" ಅಂದರು. "ಕ್ಯಾನ್ಸರು, ಹಾರ್ಟ್ ಅಟ್ಯಾಕು, ಸ್ಟ್ರೋಕು, ಹಿಂಗೆ ಒಂದು ಪಟ್ಟಿ ಐತೆ. ಅದ್ರಾಗಿಂದು ಬಂತು ಅಂತ ಖಾತ್ರಿ ಆಗ್ಬೇಕು, ಆಮೇಲೆ ಪಾಲಿಸಿ ಹೇಳಿದಷ್ಟು ದಿನ ಬದುಕಿರ್ಬೇಕು. ಆಗ ಇಡೀ ಗಂಟು ಒಂದೇ ಸಲ ಕೈಗೆ."

ಕಂತು ಎಷ್ಟು ಎಂದರೆ ಅದಕ್ಕೂ ಲೆಕ್ಕವಿತ್ತು. ವಯಸ್ಸಾದಷ್ಟೂ ಜಾಸ್ತಿ, ಗಂಟು ದೊಡ್ಡದಾದಷ್ಟೂ ಜಾಸ್ತಿ. ತಂಬಾಕು, ಬಿಪಿ, ಶುಗರು, ಮೈತೂಕ, ಎಲ್ಲಕ್ಕೂ ಒಂದೊಂದು ಏರಿಕೆ. ನಾನು ಪ್ರತಿ ಪ್ರಶ್ನೆಗೂ 'ಇಲ್ಲ' ಎಂದು ಗೀಟು ಹಾಕುತ್ತಾ ಜಂಬದಿಂದ ಮುಂದೆ ಹೋದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಕಾಯಿಲೆಗಳಿದ್ದವೇ ಎಂಬಲ್ಲಿ ಪೆನ್ನು ನಿಂತಿತು. ಅವ್ವನ ತಾಯಿ, ನನ್ನಜ್ಜಿ, ಯಾತರಿಂದ ಸತ್ತಳೆಂದು ನನಗೆ ಗೊತ್ತಿರಲಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಸತ್ತ ದೊಡ್ಡಮ್ಮನದ್ದೂ, ಅಂದರೆ ಅವ್ವನ ಅಕ್ಕನದ್ದೂ, ಗೊತ್ತಿರಲಿಲ್ಲ. 'ಅವಳಿಗೆ ಹುಷಾರಿರಲಿಲ್ಲ' ಎಂದಷ್ಟೇ ಮನೆಯಲ್ಲಿ ಹೇಳಿದ್ದರು.

ಭಾನುವಾರ ಬಸ್ಸು ಹತ್ತಿದೆ. ಮಾರಿಕಣಿವೆ ದಾಟಿ ಹೊಸದುರ್ಗ, ಅಲ್ಲಿಂದ ಮಾಡದಕೆರೆ. ಅವ್ವ ಅಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನಾನು ಹೋದಾಗ ದೊಡ್ಡಿಯಲ್ಲಿ ಕುರಿಮರಿ ಆರಿಸುತ್ತಿದ್ದಳು, ಸಾಕಲು ಯಾವುದು, ಮಾರಲು ಯಾವುದು ಎಂದು.

"ಅವ್ವಾ, ಅಜ್ಜಿಗೆ ಏನಾಗಿತ್ತು?"

"ಏನೋ ಬಂತು, ಹೋದ್ಲು. ಈಗ್ಯಾಕೆ ಅದು?"

"ದೊಡ್ಡಮ್ಮಂಗೆ?"

"ಅವ್ಳಿಗೂ ಹಂಗೇ. ಉಣ್ಣಾಕೆ ಏಳು."

ಅಷ್ಟು ಹೇಳಿ ಒಂದು ಹೆಣ್ಣುಮರಿಯ ಕಿವಿ ಹಿಡಿದು ಪಕ್ಕಕ್ಕೆ ಎಳೆದಳು. ಚೆಂದದ ಮರಿ, ಮೈತುಂಬ ಕಪ್ಪು. ಇದನ್ನು ಯಾಕೆ ಮಾರುತ್ತೀ ಎಂದೆ.

"ಇದರ ತಾಯಿಗೆ ಕೆಚ್ಚಲು ಕಲ್ಲಾಗಿತ್ತು. ಆ ತಾಯಿಯ ತಾಯಿಗೂ ಎಡಗಡೆದು ಹಂಗೇ ಆಗಿತ್ತು, ನಿನ್ನ ಮಗಳು ಹುಟ್ಟಿದ ವರ್ಷ. ಇಂಥದ್ನ ಇಟ್ಕಳ್ಳಾಕೆ ಬರಲ್ಲ."

ನನಗೆ ರೇಗಿತು. "ಕುರಿದು ಮೂರು ತಲೆಮಾರು ಬಾಯಿಪಾಠ, ಹೆತ್ತವ್ವಂದು ಒಂದು ಗೊತ್ತಿಲ್ವಾ?" ಎಂದುಬಿಟ್ಟೆ.

ಅವ್ವ ಮರಿಯ ಕಿವಿ ಬಿಡಲಿಲ್ಲ. "ಅವರಿಬ್ರಿಗೂ ಅದೇ ಆಗಿತ್ತು" ಎಂದಳು. "ಎದೆ ಕಲ್ಲಾಗಿ, ಒಡೆದು. ಹೊರಗೆ ಹೇಳಿದ್ರೆ ನಿನ್ನ ಯಾರು ಮಾಡ್ಕಳೋರು? ಈಗ ನಿಮ್ಮಣ್ಣನವೂ ಎರಡು ಹೆಣ್ಣು ಅವೆ."

ಆಮೇಲೆ ನನ್ನ ಕೈ ಹಿಡಿದು ಸೆರಗಿನೊಳಗೆ ತನ್ನ ಎಡಗಡೆಗೆ ಒತ್ತಿಕೊಂಡಳು. ಹುಣಸೆಬೀಜಕ್ಕಿಂತ ತುಸು ದೊಡ್ಡದು. ಗಟ್ಟಿಯಾಗಿತ್ತು, ಬೆರಳಿಗೆ ಜಾರಲಿಲ್ಲ.

"ಹೋದ ದೀಪಾವಳಿಯಿಂದ ಐತೆ" ಎಂದಳು.

ನನಗೆ ಏನೂ ಅನ್ನಿಸಲಿಲ್ಲ. ಅಳು ಬರಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಮುದ್ದೆ ಉಂಡೆ, ಸಾರು ಕೇಳಿ ಹಾಕಿಸಿಕೊಂಡೆ. ಆವತ್ತು ಹೇಗೆ ಉಂಡೆ ಎಂದು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಅವ್ವನನ್ನು ದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ಏಜೆಂಟರ ಫೋನು. ವಿಷಯ ಹೇಳಿದೆ. "ರಿಪೋರ್ಟ್ ಬರೋದ್ರೊಳಗೆ 'ಇಲ್ಲ' ಅಂತ ಬರೆದು ಫಾರಂ ಕಳಿಸಿಬಿಡಾಣ್ರಿ. ಮನೆಯೋರ ಕಾಯಿಲೆ ಬರೆದ್ರೆ ಕಂತು ಏರ್ತೈತೆ, ಇಲ್ಲಾಂದ್ರೆ ಪಾಲಿಸಿನೇ ಕೊಡಲ್ಲ ಅಂದ್ರೂ ಅಂದಾರು" ಎಂದರು. ನಾನೇನು ಸತ್ಯಸಂಧಳಲ್ಲ. ಆದರೆ ನಾಳೆ ನಾನು ಮಲಗಿದಾಗ ಆ ಒಂದು 'ಇಲ್ಲ' ಹಿಡಿದುಕೊಂಡು ಕಂಪನಿಯವರು ಕೈ ಎತ್ತಿದರೆ, ಮಗಳ ಗತಿ? ಫಾರಂ ಬ್ಯಾಗಿನಲ್ಲೇ ಉಳಿಯಿತು.

ರಿಪೋರ್ಟ್ ಬಂತು. ಅವ್ವ ಅಂದುಕೊಂಡಿದ್ದೇ ಆಗಿತ್ತು. ಫಾರಂ ತೆಗೆದು ಆ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದೆ. ಅಜ್ಜಿ, ದೊಡ್ಡಮ್ಮ, ತಾಯಿ. ಜಾಗ ಸಾಲದೆ ಅಂಚಿನಲ್ಲಿ ಬರೆಯಬೇಕಾಯಿತು. ಕಂಪನಿಯವರು ನನಗೂ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಏನೂ ಇಲ್ಲ. ಕಂತು ಏರಿಸಿಯೇ ಪಾಲಿಸಿ ಕೊಟ್ಟರು. ಕಟ್ಟುತ್ತಿದ್ದೇನೆ.

ಈಗ ಅವ್ವ ನನ್ನ ಜೊತೆಗಿದ್ದಾಳೆ, ಔಷಧಿಗೆ ದುರ್ಗಕ್ಕೆ ಹೋಗಿ ಬರುತ್ತೇವೆ. ತಲೆಗೂದಲು ಉದುರಿದೆ. ಮೊನ್ನೆ ನನ್ನ ಮಗಳಿಗೆ ಜಡೆ ಹಾಕುತ್ತಾ ಅವ್ವ ಕೇಳಿದಳು:

"ನನ್ನಿಂದ ನಿಂಗೆ ಕಂತು ಜಾಸ್ತಿ ಕಟ್ಟೋ ಹಂಗಾಯ್ತಂತಲ್ಲವ್ವಾ?"

ಇಲ್ಲ ಎಂದೆ. ಫಾರಂನಲ್ಲಿ ಬರೆಯದ ಸುಳ್ಳನ್ನು ಅವ್ವನಿಗೆ ಹೇಳಿದೆ.

ಅವಳು ಜಡೆಗೆ ರಿಬ್ಬನ್ ಕಟ್ಟಿ, ಮಗಳ ತಲೆಯ ಮೇಲೆ ಕೈಯಿಟ್ಟಳು. ಆ ಕಪ್ಪು ಮರಿಯನ್ನು ಮಾರಿದೆಯಾ ಎಂದು ಕೇಳಿದೆ.

"ಇಲ್ಲ" ಎಂದಳು. "ಮಾರಬ್ಯಾಡ ಅಂತ ನಿಮ್ಮಣ್ಣಂಗೆ ಹೇಳೀನಿ."