ಬಾಲ ನೋಡಿ ಒಳಗೆ ಬಿಟ್ಟವನು

ನಮ್ಮ ಆಫೀಸಿನಲ್ಲಿ ಅವನನ್ನು ಎಲ್ಲರೂ ಗೇಟಣ್ಣ ಎನ್ನುತ್ತಿದ್ದೆವು. ಆಸ್ಪತ್ರೆಯೊಂದರ ವೆಬ್‌ಸೈಟಿಗೆ ರೋಗಿಗಳು ಕಳಿಸುವ ಫೈಲುಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಅವನದು. "ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆನೂ ಒಳಗೆ ಹೋಗಲ್ಲ" ಎಂದು ಕ್ಯಾಂಟೀನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ನಿಜಕ್ಕೂ ಆ ಪ್ರೋಗ್ರಾಂ ನೋಡುತ್ತಿದ್ದುದು ಫೈಲಿನ ಹೆಸರಿನ ಬಾಲವನ್ನು ಮಾತ್ರ. ಕೊನೆಯಲ್ಲಿ ಜೆಪಿಜಿ ಎಂದಿದ್ದರೆ ಫೋಟೋ, ಒಳಗೆ ಬಾ. ಒಳಗೇನಿದೆ ಎಂದು ತೆರೆದು ನೋಡುವ ಭಾಗವನ್ನು ನಾಳೆ ಬರೆಯುತ್ತೇನೆ, ನಾಳಿದ್ದು ಬರೆಯುತ್ತೇನೆ ಎಂದು ತಳ್ಳುತ್ತಲೇ ಬಂದಿದ್ದ. ಸೋಮಾರಿತನ, ಇನ್ನೇನಲ್ಲ.

ಅವನ ಅಕ್ಕ ಟೈಲರ್. ಹೊಲಿಗೆ ಯಂತ್ರ ತುಳಿಯುವ ಬಲಗಾಲಿಗೇ ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಮನೆಗೆ ಬಂದ ಮೇಲೆ ದಿನವೂ ಗಾಯದ ಫೋಟೋವನ್ನು ವೆಬ್‌ಸೈಟಿಗೆ ಹಾಕಬೇಕು, ತೊಂದರೆ ಕಂಡರೆ ಆಸ್ಪತ್ರೆಯವರೇ ಕರೆಯುತ್ತಾರೆ ಎಂದು ಏರ್ಪಾಡಾಗಿತ್ತು. ಅವಳ ಹೊಸ ಫೋನು ಫೋಟೋಗಳನ್ನು ಜೆಪಿಜಿ ಅಲ್ಲದ ಬೇರೆ ಬಗೆಯ ಫೈಲಾಗಿ ಉಳಿಸುತ್ತಿತ್ತು. ತಮ್ಮನಿಗೆ ಫೋನ್ ಮಾಡಿದಳು.

"ಲೋ, ನಿನ್ನ ವೆಬ್‌ಸೈಟು ನನ್ನ ಫೋಟೋನೇ ಬೇಡ ಅಂತಿದೆ ಕಣೋ."

"ಮೀಟಿಂಗಲ್ಲಿದ್ದೀನಕ್ಕ. ಹೆಸರಲ್ಲಿ ಚುಕ್ಕಿ ಆದ್ಮೇಲೆ ಇರೋದನ್ನ ಅಳಿಸಿ ಜೆಪಿಜಿ ಅಂತ ಹಾಕು. ಹೋಗುತ್ತೆ."

ಹೋಯಿತು. ಹಸಿರು ಗುರುತೂ ಬಂತು. ಆದರೆ ಬದಲಾಗಿದ್ದು ಹೆಸರು ಮಾತ್ರ, ಒಳಗಿನ ಫೈಲು ಹಳೆಯ ಬಗೆಯದೇ; ಅತ್ತ ಆಸ್ಪತ್ರೆಯಲ್ಲಿ ನರ್ಸಿನ ಕಂಪ್ಯೂಟರಿನಲ್ಲಿ ಫೋಟೋ ತೆರೆಯಲಿಲ್ಲ. ಕಂಪ್ಯೂಟರ್ ಮತ್ತೆ ಕೈಕೊಟ್ಟಿತು ಎಂದುಕೊಂಡು ಅವಳು ಮುಂದಿನ ರೋಗಿಯನ್ನು ನೋಡಿದಳು. ಅಕ್ಕ ದಿನವೂ ಅದೇ ಉಪಾಯ ಮಾಡಿದಳು. ಯಾರೂ ಕರೆಯಲಿಲ್ಲವಲ್ಲ, ಎಲ್ಲ ಸರಿಯಿದೆ ಎಂದು ಜ್ವರವನ್ನೂ ನುಂಗಿಕೊಂಡಳು. ನೆರೆಮನೆಯವರು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕೀವು ಮೂಳೆಗೆ ಇಳಿದಿತ್ತು. ಕಾಲಿನ ಎರಡು ಬೆರಳು ತೆಗೆದರು.

ಅವಳನ್ನು ನೋಡಲು ನಾನೂ ಅವನ ಜೊತೆ ಹೋಗಿದ್ದೆ. ಫೋನಿನಲ್ಲಿ ತಾನು ಹೇಳಿಕೊಟ್ಟ ಉಪಾಯವನ್ನು ದಾರಿಯಲ್ಲೇ ನನಗೆ ಹೇಳಿದ್ದ. ಡಾಕ್ಟರು ಮಂಚದ ಪಕ್ಕ ನಿಂತು ಕೇಳುತ್ತಿದ್ದರು.

"ಫೈಲಿನ ಹೆಸರು ಬದಲಾಯಿಸೋಕೆ ಯಾರಮ್ಮ ಹೇಳಿದ್ದು ನಿಮಗೆ?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ ಏನೋ ಒತ್ತಿಬಿಟ್ಟೆ."

"ಗೊತ್ತಿಲ್ಲದಿದ್ದರೆ ಮುಟ್ಟಬಾರದು. ನೋಡಿ ಈಗ ಏನಾಯ್ತು."

"ತಪ್ಪಾಯ್ತು," ಎಂದು ಅಕ್ಕ ತಲೆ ತಗ್ಗಿಸಿದಳು.

ಗೇಟಣ್ಣ ಗೋಡೆ ನೋಡುತ್ತಾ ನಿಂತಿದ್ದ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡೋ ಎಂದು ಮೊಣಕೈಯಿಂದ ತಿವಿದೆ. ಅಂತೂ ಬಿಟ್ಟ.

"ಹೇಳಿಕೊಟ್ಟಿದ್ದು ನಾನು ಸರ್. ಆ ಪ್ರೋಗ್ರಾಂ ಬರೆದಿದ್ದೂ ನಾನೇ. ಅವಳದೇನೂ ತಪ್ಪಿಲ್ಲ."

ಅಕ್ಕ ಅವನ ಕೈ ಹಿಡಿದು ಜಗ್ಗಿದಳು. "ಅವನ ಮಾತು ನಂಬಬೇಡಿ ಡಾಕ್ಟ್ರೇ. ಚಿಕ್ಕಂದಿನಿಂದ ಹೀಗೇ, ನಾನು ಬೈಸಿಕೊಂಡರೆ ಇವನಿಗೆ ತಡೆಯೋಕಾಗಲ್ಲ. ನನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾನೆ."

ಡಾಕ್ಟರು ಅಕ್ಕನನ್ನೇ ನಂಬಿದರು. ಗೇಟಣ್ಣನ ಬೆನ್ನು ತಟ್ಟಿ, "ಇಂಥ ತಮ್ಮ ಎಲ್ಲರಿಗೂ ಸಿಗಲ್ಲಮ್ಮ" ಎಂದರು. ನಾಚಿಕೆಯಿಂದ ಅವನ ಕಿವಿಯವರೆಗೂ ಕೆಂಪೇರಿತು. ಅದನ್ನು ಅವರು ವಿನಯ ಎಂದುಕೊಂಡರು.