ಗಾಜಿಗೊಂದು ರಟ್ಟಿನ ಮರೆ

ಕಾರಿನ ಗಾಜಿಗೆ ಹಳೆ ಪೇಪರ್ ಒತ್ತಿ ಹಿಡಿದು, ಅಂಚಿನಗುಂಟ ಇದ್ದಿಲಲ್ಲಿ ಗೀಟು ಎಳೆಯುವಷ್ಟರಲ್ಲಿ ನೋಬಿಲಾನ ಸೊಂಟ ಹಿಡಿದುಕೊಂಡಿತು. ಹಗಲೆಲ್ಲ ವಾಗಡೂಗುವಿನ ಬೀದಿಗಳಲ್ಲಿ ಟ್ಯಾಕ್ಸಿ ಓಡಿಸಿ ಬಂದವನು. ಕೂತರೆ ಮತ್ತೆ ಏಳುವುದು ಸುಳ್ಳು. ಆದರೆ ಕೂರುವ ಹಾಗಿರಲಿಲ್ಲ. ಹೆಂಡತಿ ತಿಪೋಕೊ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು.

"ಇನ್ನು ಆಸ್ಪತ್ರೆಗೆ ಬರಲ್ಲ ನಾನು. ಒಳಗೆ ರಕ್ತ ತೊಳೀತಾರೆ, ಆಚೆ ಬಂದ್ರೆ ನಿನ್ನ ಕಾರು ಹುರಿಯುತ್ತೆ. ಸಾಯೋದಾದ್ರೆ ಮನೇಲೇ ತಣ್ಣಗೆ ಸಾಯ್ತೀನಿ."

ಅವಳ ಕಿಡ್ನಿ ಎರಡೂ ಕೆಟ್ಟಿದ್ದವು. ರಕ್ತ ತೊಳೆಸುವುದು ತಪ್ಪಿದರೆ ಮೈಯೆಲ್ಲ ಬಾತು ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಯ ಅಂಗಳದಲ್ಲಿದ್ದ ಒಂದೇ ಬೇವಿನ ಮರದ ಕೆಳಗೆ ಡಾಕ್ಟರುಗಳ ಕಾರು. ಉಳಿದವರದ್ದೆಲ್ಲ ಬಿಸಿಲಿಗೆ.

ಗಾಜಿಗೆ ಬಿಸಿಲಿನ ಮರೆ ಮಾಡಲೆಂದು ನೋಬಿಲಾ ಅಂಗಡಿಯಿಂದ ತಂದ ರಟ್ಟಿನ ಡಬ್ಬಗಳನ್ನು ಅಳತೆಗೆ ಕೊಯ್ದ. ಹಾಲಿನ ಪುಡಿ ಪೊಟ್ಟಣಗಳನ್ನು ಬಿಚ್ಚಿ, ಒಳಗಿನ ಬೆಳ್ಳಿ ಹಾಳೆಯನ್ನು ಗಂಜಿಯಿಂದ ಮೆತ್ತಿದ. ಅಂಚಿಗೆ ಸೈಕಲ್ ಟ್ಯೂಬು ಸುತ್ತಿ ಹೊಲಿದ. ಮುಂದಿನ ಗಾಜಿನದು ಮಡಿಕೆ ಹಾಕಿದ ಮೇಲೆ ಗಿಡ್ಡವಾಯಿತು. ಸಿಟ್ಟಿಗೆ ಒದ್ದ. ಒದ್ದದ್ದನ್ನು ಹೋಗಿ ಎತ್ತಿಕೊಂಡು ಬರುವುದೂ ಅವನ ಪಾಲಿಗೇ ಬಂತು.

ಹೇಗೋ ಪುಸಲಾಯಿಸಿ ಕರೆದುಕೊಂಡು ಹೋದ. ವಾಪಸು ಹೊರಡುವಾಗ ತಿಪೋಕೊ ಸೀಟಿನ ಮೇಲೆ ಅಂಗೈಯಿಟ್ಟು ನೋಡಿ ಹತ್ತಿದಳು. ಬೈಯಲಿಲ್ಲ. ಅಷ್ಟೇ ಸಾಕಿತ್ತು.

ಮುಂದಿನ ಸಲ ಅವಳ ಭುಜ ಹಿಡಿದುಕೊಂಡು ಆಚೆ ಬಂದರೆ, ಕಾರಿನ ಗಾಜು ಬೋಳು! ರಟ್ಟಿನ ಮರೆಗಳೆಲ್ಲ ಪಕ್ಕದ ಮೊಪೆಡ್ಡುಗಳ ಸೀಟಿನ ಮೇಲೆ. ಗಾಡಿ ಕಾಯುವ ಜೆರ್ಬೊ ಸ್ಟೂಲಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ಕಾರು ಸರಿಸಲೆಂದು ಕೀಲಿ ಅವನ ಹತ್ತಿರವೇ ಇರುತ್ತಿತ್ತು.

"ಏನಯ್ಯಾ ಇದು?"

"ಗುಲಾಮನ ಆಸ್ತಿ ಧಣೀದೇ ತಾನೆ? ನನ್ನ ಗಾಡಿಗಳು ಬೇಯ್ತಾ ಇದ್ವು, ತಗೊಂಡೆ."

ನೋಬಿಲಾನ ಮುಷ್ಟಿ ಬಿಗಿಯಿತು. ಬೇರೆ ಯಾರಾಗಿದ್ದರೂ ಹಲ್ಲು ಉದುರಿಸುತ್ತಿದ್ದ. ಆದರೆ ಜೆರ್ಬೊ ಸಾಮೊ ಬುಡಕಟ್ಟಿನವನು, ಇವನು ಮೋಸಿ ಬುಡಕಟ್ಟಿನವನು. ಇಬ್ಬರ ಜನಕ್ಕೂ ಅಜ್ಜ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನಂಟು. ಗುಲಾಮ ಅನ್ನಬಹುದು, ನಾಯಿ ತಿನ್ನುವವ ಅನ್ನಬಹುದು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೂ ಹೋಗಬಹುದು. ಸಿಟ್ಟಾಗುವಂತಿಲ್ಲ, ಒಂದಕ್ಕೆ ಎರಡಾಗಿ ತಿರುಗಿಸಿ ಬೈಯಬೇಕು. ಬೈಯಲೂ ತ್ರಾಣ ಬೇಕಲ್ಲ? ನೋಬಿಲಾ ಮುಷ್ಟಿ ಸಡಿಲಿಸಿದ.

ಜೆರ್ಬೊ ತಿಪೋಕೊಳ ಕಡೆ ತಿರುಗಿದ. "ಏನೇ ಮುದುಕಿ, ಇನ್ನೂ ಸತ್ತಿಲ್ವಾ? ನಿನ್ನ ಸಾವಿನ ಊಟಕ್ಕೆ ಅಂತ ಹೊಟ್ಟೆ ಖಾಲಿ ಇಟ್ಕೊಂಡು ಕೂತಿದ್ದೀನಿ."

ನೋಬಿಲಾ ಹೆಂಡತಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಕಾಯಿಲೆ ಬಿದ್ದಾಗಿನಿಂದ ಮನೆಯಲ್ಲಿ ಎಲ್ಲರೂ ಅವಳೆದುರು ಪಿಸುಗುಡುತ್ತಿದ್ದರು. ಸಾವಿನ ಮಾತನ್ನು ಅವಳ ಹೊರತು ಯಾರೂ ಎತ್ತಿರಲಿಲ್ಲ.

ತಿಪೋಕೊ ಗಂಡನ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು. "ಥೂ, ನಾಯಿತಲೆ ತಿನ್ನೋನೆ! ನಿನ್ನ ಹೂಳಿಸಿಯೇ ನಾನು ಹೋಗೋದು. ನಿನ್ನ ಗುಂಡಿ ಹತ್ರ ಊಳಿಡೋಕೆ ಊರಲ್ಲಿ ಒಂದು ನಾಯೀನೂ ಇರಲ್ಲ, ಎಲ್ಲಾ ನೀನೇ ತಿಂದು ತೇಗಿದ್ದೀಯ!"

ಜೆರ್ಬೊ ಸ್ಟೂಲಿನಿಂದ ಬೀಳುವ ಹಾಗೆ ನಕ್ಕ. ಆಮೇಲೆ ಎದ್ದು ಮರೆಗಳನ್ನೆಲ್ಲ ಬಳಿದುಕೊಂಡು ಬಂದ. ತಾನು ಕುಡಿಯಲು ಇಟ್ಟುಕೊಂಡಿದ್ದ ನೀರಲ್ಲಿ ಬಟ್ಟೆ ನೆನೆಸಿ, ಅವಳ ಸೀಟನ್ನು ಒರೆಸಿಕೊಟ್ಟ.

ಆದರೂ ಸೀಟು ಸುಡುತ್ತಿತ್ತು. ಅವಳು ರಟ್ಟು ಹಾಸಿಕೊಂಡೇ ಕೂತಳು. ಆಸ್ಪತ್ರೆಯ ಗೇಟು ದಾಟಿದ ಮೇಲೆ ಅಂದಳು:

"ಅವನಿಗೆ ಇನ್ನೊಂದು ಮಾತು ಅನ್ನೋದಿತ್ತು. ಆಮೇಲೆ ಹೊಳೀತು."

"ಗುರುವಾರ ರಕ್ತ ತೊಳೆಸೋಕೆ ಬಂದಾಗ ಅನ್ನು," ಅಂದ ನೋಬಿಲಾ, ಅವಳತ್ತ ಓರೆಗಣ್ಣಲ್ಲಿ ನೋಡಿ.

"ಹ್ಞೂಂ. ಈ ರಟ್ಟಿನ ಅಂಚು ಕಿತ್ತಿದೆ. ಹೊಲಿದಿಡು."

ಅವನ ಸೊಂಟ ಈಗಲೇ ನೋಯತೊಡಗಿತು. "ಆಯ್ತು ಮಾರಾಯ್ತಿ, ಹೊಲೀತೀನಿ," ಅಂದು ಗೇರು ಬದಲಾಯಿಸಿದ.